ಮಕ್ಕಳಿಗೆ ಏಡ್ಸ್ ಬಗ್ಗೆ ಹೇಳುವವರು ಯಾರು?

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. 1988ರಿಂದ ಈ ದಿನವನ್ನು ಆಚರಿಸಲಾಗುತ್ತಿದೆ. ನಮ್ಮ ಗಂಗಾವತಿ ಸೀಮೆಯಲ್ಲಿ ಅದು ಭತ್ತದ ಕೊಯ್ಲಿನ ಕಾಲ. ಸಾಣಾಪುರ, ಆನೆಗೊಂದಿ ಕಡೆಯ ರಸ್ತೆಗಳಲ್ಲಿ ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರುಗಳ ನಡುವೆ ಫಲಕ ಹಿಡಿದ ಶಾಲಾ ಮಕ್ಕಳ ಜಾಥಾವನ್ನು ನೀವೂ ನೋಡಿರಬಹುದು. ಮಕ್ಕಳು ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಾರೆ. ಊರು ಸುತ್ತಿ ಬಂದು ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ. ಅವರಲ್ಲಿ ಒಬ್ಬನನ್ನು ನಿಲ್ಲಿಸಿ, "ಈ ರೋಗ ಹೇಗೆ ಬರುತ್ತದೆಯಪ್ಪಾ?" ಎಂದು ಕೇಳಿ ನೋಡಿ. ತಲೆ ತಗ್ಗಿಸಿ ನಗುತ್ತಾನೆ. ಒತ್ತಾಯಿಸಿದರೆ, "ಕೆಟ್ಟ ಕೆಲಸ ಮಾಡಿದವರಿಗೆ ಬರ್ತದ್ರಿ" ಎನ್ನುತ್ತಾನೆ.

ಈ ಉತ್ತರವನ್ನು ಅವನಿಗೆ ಕಲಿಸಿದವರು ದೊಡ್ಡವರಾದ ನಾವೇ. ಇದರಿಂದ ಎರಡು ಬಗೆಯ ಹಾನಿ ಆಗುತ್ತದೆ. ಕೆಟ್ಟ ಕೆಲಸ ಎಂದರೆ ಯಾವುದು ಎಂದು ಹೇಳದೇ ಇರುವುದರಿಂದ ಮಗುವಿಗೆ ರೋಗ ಹರಡುವ ದಾರಿ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಅದೇ ತರಗತಿಯ ಇನ್ನೊಂದು ಬೆಂಚಿನಲ್ಲಿ ಹುಟ್ಟಿನಿಂದಲೇ ಈ ಸೋಂಕು ಪಡೆದ ಮಗು ಕುಳಿತಿರಬಹುದು. ಅದರ ಹಣೆಗೆ ಈ ಮಾತು ಕಳಂಕ ಅಂಟಿಸುತ್ತದೆ.

ಮೊದಲು ಕೆಲವು ಮೂಲಭೂತ ಸಂಗತಿಗಳನ್ನು ತಿಳಿದುಕೊಳ್ಳೋಣ. ಎಚ್.ಐ.ವಿ. ಎಂಬುದು ಒಂದು ವೈರಾಣುವಿನ ಹೆಸರು. ಏಡ್ಸ್ ಎಂಬುದು ಆ ವೈರಾಣುವಿನಿಂದ ಬಹಳ ಕಾಲದ ನಂತರ ಉಂಟಾಗುವ ಸ್ಥಿತಿ. ಎರಡೂ ಒಂದೇ ಅಲ್ಲ. ನಮ್ಮ ರಕ್ತದಲ್ಲಿ ಸಿ.ಡಿ.4 ಎಂಬ ಬಿಳಿ ರಕ್ತಕಣಗಳಿವೆ. ಊರಿಗೆ ಕಳ್ಳ ಬಂದರೆ ಮೊದಲು ಕೂಗು ಹಾಕುವ ಕಾವಲುಗಾರನಂತೆ, ರೋಗಾಣು ಬಂದಾಗ ದೇಹದ ಉಳಿದ ಪಡೆಯನ್ನು ಎಬ್ಬಿಸುವುದು ಇವುಗಳ ಕೆಲಸ. ಎಚ್.ಐ.ವಿ. ಈ ಕಾವಲುಗಾರರ ಒಳಗೇ ಹೊಕ್ಕು, ಅವರನ್ನೇ ಬಳಸಿಕೊಂಡು ತನ್ನ ಸಂತತಿ ಬೆಳೆಸುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣಗಳು 500ಕ್ಕಿಂತ ಹೆಚ್ಚು ಇರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ 200ಕ್ಕಿಂತ ಕೆಳಗೆ ಇಳಿದಾಗ ಕ್ಷಯ, ನ್ಯುಮೋನಿಯಾ, ಬಿಡದ ಭೇದಿ ಮುಂತಾದವು ಮುತ್ತಿಕೊಳ್ಳುತ್ತವೆ. ಅದೇ ಏಡ್ಸ್. ಸೋಂಕು ತಗುಲಿದ ದಿನದಿಂದ ಈ ಹಂತ ತಲುಪಲು ವಯಸ್ಕರಲ್ಲಿ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ಮನುಷ್ಯ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾನೆ.

ಇದು ಹರಡುವ ದಾರಿಗಳು ನಾಲ್ಕೇ. ಸೋಂಕು ಇರುವವರೊಡನೆ ಕಾಂಡೋಮ್ ಇಲ್ಲದೆ ನಡೆಸುವ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ ಪಡೆಯುವುದು, ಒಬ್ಬರಿಗೆ ಚುಚ್ಚಿದ ಸೂಜಿ ಸಿರಿಂಜನ್ನು ಇನ್ನೊಬ್ಬರಿಗೆ ಬಳಸುವುದು, ಸೋಂಕಿತ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಮೊಲೆಹಾಲಿನ ಮೂಲಕ ಮಗುವಿಗೆ ದಾಟುವುದು. ನಮ್ಮ ದೇಶದಲ್ಲಿ ಬಹುಪಾಲು ಸೋಂಕು ಹರಡಿರುವುದು ಮೊದಲನೆಯ ದಾರಿಯಿಂದ. ಆದರೆ ಶಾಲೆಯಲ್ಲಿ ಪಾಠ ಹೇಳುವಾಗ ಉಳಿದ ಮೂರನ್ನು ಗಟ್ಟಿಯಾಗಿ ಹೇಳಿ, ಇದೊಂದನ್ನು ನುಂಗಿಬಿಡುತ್ತಾರೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿಯ ಅಧ್ಯಾಯದಲ್ಲಿ ಎಚ್.ಐ.ವಿ.ಯ ಹೆಸರಿದೆ. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚುವ ಮಾಸ್ತರರು ಈಗಲೂ ಇದ್ದಾರೆ. ಮನೆಯಲ್ಲಿ ಕೇಳಿದರೆ, "ಶಾಲ್ಯಾಗ ಕೇಳು" ಎಂಬ ಉತ್ತರ. ಮಗು ಕೊನೆಗೆ ಕೇಳುವುದು ಕೈಯಲ್ಲಿರುವ ಮೊಬೈಲನ್ನು. ಅದು ಏನನ್ನು ತೋರಿಸುತ್ತದೆ ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಈ ಮೌನಕ್ಕೆ ಹಳೆಯ ಇತಿಹಾಸವಿದೆ. 1980ರ ದಶಕದಲ್ಲಿ ಅಮೆರಿಕದಿಂದ ಈ ರೋಗದ ಸುದ್ದಿ ಬಂದಾಗ, ಇದು ಪಾಶ್ಚಾತ್ಯರ ರೋಗ, ನಮ್ಮಂಥ ಸಂಪ್ರದಾಯಸ್ಥ ದೇಶಕ್ಕೆ ಬರಲಾರದು ಎಂದು ಓದಿದವರೂ ನಂಬಿದ್ದರು. 1986ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ಸ್ನಾತಕೋತ್ತರ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷೆಗೆ ಕೊಟ್ಟರು. ಏನೂ ಸಿಗಲಾರದು ಎಂದೇ ಹಲವರು ತಿಳಿದಿದ್ದರು. ಆದರೆ ಸೋಂಕು ಪತ್ತೆಯಾಯಿತು. ಇಂದು ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್.ಐ.ವಿ.ಯೊಂದಿಗೆ ಬದುಕುತ್ತಿದ್ದಾರೆ. ಅವರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ಜೊತೆಗೆ ಕರ್ನಾಟಕವೂ ಮುಂಚೂಣಿಯಲ್ಲಿದೆ. ರಾಜ್ಯದೊಳಗೆ ಉತ್ತರದ ಜಿಲ್ಲೆಗಳಲ್ಲಿ ಇದರ ಭಾರ ಮೊದಲಿನಿಂದಲೂ ಹೆಚ್ಚು.

2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. ಎಚ್.ಐ.ವಿ. ತಡೆಯುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. 2007ರ ಹೊತ್ತಿಗೆ ಅದರ ಕೈಪಿಡಿಯ ಚಿತ್ರಗಳು ಮತ್ತು ವಿವರಗಳ ಬಗ್ಗೆ ದೊಡ್ಡ ಗದ್ದಲವಾಗಿ ಕರ್ನಾಟಕ, ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ ಮುಂತಾದ ರಾಜ್ಯಗಳು ಕಾರ್ಯಕ್ರಮವನ್ನು ತಡೆಹಿಡಿದವು. ಚಿತ್ರಗಳು ಎಳೆಯರಿಗೆ ತಕ್ಕುದಾಗಿರಲಿಲ್ಲ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯ ಇದ್ದಿರಬಹುದು. ಚಿತ್ರ ಬದಲಿಸಿದ್ದರೆ ಆಗುತ್ತಿತ್ತು. ಪಾಠವನ್ನೇ ನಿಲ್ಲಿಸಿದ್ದು ನೆಗಡಿಗೆ ಮೂಗು ಕೊಯ್ದಂತಾಯಿತು ಎಂಬುದು ನನ್ನ ಅಭಿಪ್ರಾಯ.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಭಯ ತಂದೆತಾಯಿಯರಲ್ಲಿ ಸಹಜ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಯುನೆಸ್ಕೊ ಪರಿಶೀಲಿಸಿದಾಗ, ವಯಸ್ಸಿಗೆ ತಕ್ಕಂತೆ ಸರಿಯಾಗಿ ಹೇಳಿಕೊಟ್ಟ ಮಕ್ಕಳು ಬೇಗ ದಾರಿ ತಪ್ಪಿದ್ದು ಕಂಡುಬಂದಿಲ್ಲ. ಕೆಲವು ಕಡೆ ಅಂಥ ಮಕ್ಕಳು ಲೈಂಗಿಕ ಸಂಪರ್ಕವನ್ನು ಮುಂದಕ್ಕೆ ಹಾಕಿದ್ದೇ ಕಂಡಿದೆ.

ಚೀಟಿಯಲ್ಲಿ ಬಂದ ಪ್ರಶ್ನೆಗಳು

ಸಾಣಾಪುರದ ಸುತ್ತಮುತ್ತಲಿನ ಶಾಲೆಗಳಿಗೆ ಆರೋಗ್ಯದ ವಿಷಯ ಮಾತನಾಡಲು ಹೋದಾಗ ನಾನು ಭಾಷಣವನ್ನು ಹತ್ತು ನಿಮಿಷಕ್ಕೆ ಮುಗಿಸಿ, ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕೇಳಿ ಎನ್ನುತ್ತೇನೆ. ಬಾಯಿ ಬಿಡದ ಮಕ್ಕಳು ಚೀಟಿಯಲ್ಲಿ ಧಾರಾಳವಾಗಿ ಬರೆಯುತ್ತಾರೆ. ಕೆಲವನ್ನು ಇಲ್ಲಿ ಕೊಡುತ್ತೇನೆ. ನಿಮ್ಮ ಮನೆಯ ಮಕ್ಕಳ ತಲೆಯಲ್ಲೂ ಇವೇ ಇರಬಹುದು.

"ಸೊಳ್ಳೆ ಕಚ್ಚಿದರೆ ಬರುತ್ತದೆಯೇ?" ಇದು ಬಾರದ ಶಾಲೆಯೇ ಇಲ್ಲ. ಗದ್ದೆ ಬಯಲಿನ ಊರುಗಳಲ್ಲಿ ಸೊಳ್ಳೆಗೆ ಬರವಿಲ್ಲವಲ್ಲ! ಉತ್ತರ: ಬರುವುದಿಲ್ಲ. ಸೊಳ್ಳೆ ಒಬ್ಬರಿಂದ ಹೀರಿದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುವುದಿಲ್ಲ, ತನ್ನ ಜೊಲ್ಲನ್ನು ಮಾತ್ರ ಬಿಡುತ್ತದೆ. ಮಲೇರಿಯಾದ ರೋಗಾಣು ಸೊಳ್ಳೆಯ ದೇಹದಲ್ಲಿ ಬೆಳೆಯಬಲ್ಲದು. ಎಚ್.ಐ.ವಿ. ಅಲ್ಲಿ ಬೆಳೆಯಲಾರದು, ಅದರ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ.

"ರೋಗ ಇದ್ದವರ ಜೊತೆ ಕೆರೆಯಲ್ಲಿ ಈಜಿದರೆ?" ಸಾಣಾಪುರದ ಕೆರೆ, ಎಡದಂಡೆ ಕಾಲುವೆ, ತುಂಗಭದ್ರೆಯ ದಂಡೆ ಇವೆಲ್ಲ ಇರುವ ಕಡೆ ಇದು ಸಹಜವಾದ ಪ್ರಶ್ನೆ. ನೀರಿನಲ್ಲಿ ಈ ವೈರಾಣು ಹರಡುವುದಿಲ್ಲ. ಅಲ್ಲಿ ಹೆದರಬೇಕಾದದ್ದು ಆಳಕ್ಕೆ, ಸೆಳವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಕೈ ಹಿಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಒಂದೇ ಶೌಚಾಲಯ ಬಳಸಿದರೆ ಇದು ಬರುವುದಿಲ್ಲ. ಬೆವರು, ಕಣ್ಣೀರು, ಉಗುಳಿನಿಂದಲೂ ಇಲ್ಲ.

"ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡೇನಿ, ಏನಾಗ್ತದ?" ಈ ಹುಡುಗನ ಪ್ರಶ್ನೆ ನಿಜವಾಗಿಯೂ ಯೋಗ್ಯವಾದದ್ದು. ಜಾತ್ರೆಗಳಲ್ಲಿ ಹಚ್ಚೆ ಯಂತ್ರ ಇಟ್ಟುಕೊಂಡು ಕುಳಿತವರು ಒಂದೇ ಸೂಜಿಯನ್ನು, ಒಂದೇ ಬಣ್ಣದ ಬಟ್ಟಲನ್ನು ಸಾಲಾಗಿ ಬಂದವರಿಗೆಲ್ಲ ಬಳಸುವುದುಂಟು. ಇದರಿಂದ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಮತ್ತು ಸಿ ಬರುವ ಸಂಭವ ಹೆಚ್ಚು. ಎಚ್.ಐ.ವಿ.ಯ ಸಂಭವ ಕಡಿಮೆ, ಆದರೆ ಇಲ್ಲ ಎನ್ನುವಂತಿಲ್ಲ. ಹಾಕಿಸಿಕೊಂಡವರು ಗಾಬರಿಯಾಗದೆ ಮೂರು ತಿಂಗಳು ತುಂಬಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಾಕು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು, ಅದಕ್ಕಾಗಿ ಈ ಮೂರು ತಿಂಗಳ ಲೆಕ್ಕ. ಕ್ಷೌರದ ಅಂಗಡಿಯ ಬ್ಲೇಡಿನ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ಎಚ್.ಐ.ವಿ. ಬರುವ ಸಂಭವ ತೀರಾ ವಿರಳ. ಆದರೂ ಹೊಸ ಬ್ಲೇಡು ಹಾಕಿ ಎಂದು ಕೇಳಲು ಸಂಕೋಚ ಬೇಡ.

"ಮುತ್ತು ಕೊಟ್ಟರೆ ಬರುತ್ತದೆಯೇ?" ಇದನ್ನು ಓದಿದಾಗ ತರಗತಿಯೆಲ್ಲ ಗೊಳ್ಳೆಂದು ನಗುತ್ತದೆ. ನಗಲಿ ಬಿಡಿ. ಉತ್ತರ: ಬರುವುದಿಲ್ಲ.

"ನಮ್ಮಪ್ಪ ದುಡಿಯಾಕ ಮಂಗಳೂರಿಗೆ ಹೋಗ್ಯಾನ. ಅವನಿಗೆ ಬರ್ತದೇನು?" ಈ ಚೀಟಿಯನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಬೇಸಾಯದ ಊರುಗಳಿಂದ ವರ್ಷವರ್ಷವೂ ಜನ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿಯೋ ವಸತಿ ನಿಲಯದಲ್ಲೋ ಉಳಿಯುತ್ತಾರೆ. ಗುಳೆ ಹೋದವರೇ ರೋಗ ತರುತ್ತಾರೆ ಎಂದು ಯಾರೋ ಆಡಿದ ಮಾತನ್ನು ಆ ಮಗು ಎಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿತ್ತೋ. ಊರು ಬಿಟ್ಟು ದುಡಿಯಲು ಹೋದ ಮಾತ್ರಕ್ಕೆ ಈ ರೋಗ ಬರುವುದಿಲ್ಲ. ಮನೆಯಿಂದ ದೂರ ತಿಂಗಳುಗಟ್ಟಲೆ ಒಬ್ಬಂಟಿಯಾಗಿ ಇರುವವರು, ಲಾರಿ ಓಡಿಸುವವರು ಅಪಾಯಕ್ಕೆ ಸಿಕ್ಕುವ ಸಂದರ್ಭ ಹೆಚ್ಚು ಎಂಬುದು ನಿಜ. ಅಂಥವರಿಗೆ ಬೇಕಾದದ್ದು ಕಾಂಡೋಮ್ ಮತ್ತು ಪರೀಕ್ಷೆ. ಊರವರ ಅನುಮಾನದಿಂದ ಯಾರಿಗೂ ಪ್ರಯೋಜನವಿಲ್ಲ.

ಇನ್ನೊಂದು ಚೀಟಿ: "ನಮ್ಮ ಕ್ಲಾಸಿನ ಹುಡುಗಿಯ ಅಪ್ಪ ಅಮ್ಮ ಇದರಿಂದಲೇ ಸತ್ತರಂತೆ. ಅವಳ ಪಕ್ಕ ಕೂಡಬೇಡ ಅಂತ ಅವ್ವ ಹೇಳ್ಯಾಳ." ಇದು ಪ್ರಶ್ನೆಯಲ್ಲ. ಆದರೂ ಬರೆದ ಮಗುವಿಗೆ ಅವ್ವನ ಮಾತು ಸರಿ ಎನಿಸಿರಲಿಲ್ಲ, ಆದ್ದರಿಂದಲೇ ಬರೆದಿತ್ತು.

ಪಕ್ಕದಲ್ಲಿ ಕುಳಿತ ಮಗು

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ರಯಾನ್ ವೈಟ್ ಎಂಬ ಹುಡುಗನಿದ್ದ. ಅವನಿಗೆ ಹಿಮೊಫಿಲಿಯಾ, ಅಂದರೆ ಗಾಯವಾದರೆ ರಕ್ತ ಹೆಪ್ಪುಗಟ್ಟದ ಕಾಯಿಲೆ. ಅದಕ್ಕಾಗಿ ಕೊಟ್ಟ ರಕ್ತದ ಉತ್ಪನ್ನದಿಂದ ಎಚ್.ಐ.ವಿ. ತಗುಲಿತು. 1985ರಲ್ಲಿ ಶಾಲೆ ಅವನನ್ನು ಒಳಗೆ ಬಿಡಲಿಲ್ಲ. ತಾಯಿ ಮಗ ಕಾನೂನಿನ ಹೋರಾಟ ಮಾಡಿ ಗೆದ್ದರೂ ಊರವರ ಕಿರುಕುಳ ತಾಳದೆ ಬೇರೆ ಊರಿಗೆ ಹೋಗಬೇಕಾಯಿತು. ಹೊಸ ಊರಿನ ಶಾಲೆ ಮೊದಲು ತನ್ನ ವಿದ್ಯಾರ್ಥಿಗಳಿಗೆ ರೋಗದ ಬಗ್ಗೆ ಸರಿಯಾಗಿ ತಿಳಿಸಿ ಹೇಳಿತು. ಅಲ್ಲಿನ ಮಕ್ಕಳು ಅವನ ಕೈ ಕುಲುಕಿ ಬರಮಾಡಿಕೊಂಡರು. ಅವನು 1990ರಲ್ಲಿ, 18ನೆಯ ವಯಸ್ಸಿನಲ್ಲಿ ತೀರಿಕೊಂಡ. ಆಗ ಇಂದಿನಂಥ ಚಿಕಿತ್ಸೆ ಇರಲಿಲ್ಲ.

ಈಗ ಇದೆ. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರ ಎ.ಆರ್.ಟಿ. ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. ಮೊದಲು ಸಿ.ಡಿ.4 ಇಳಿದವರಿಗೆ ಮಾತ್ರ ಕೊಡುತ್ತಿದ್ದರು. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಕೊಡುತ್ತಾರೆ. ದೊಡ್ಡವರಿಗೂ ಬೆಳೆದ ಮಕ್ಕಳಿಗೂ ಹೆಚ್ಚಾಗಿ ದಿನಕ್ಕೊಂದೇ ಗುಳಿಗೆ. ಇದು ವೈರಾಣುವನ್ನು ದೇಹದಿಂದ ಪೂರ್ತಿ ಓಡಿಸುವುದಿಲ್ಲ, ಆದರೆ ತಲೆ ಎತ್ತದಂತೆ ಅದುಮಿಡುತ್ತದೆ. ತಪ್ಪದೆ ನುಂಗಿದವರು ಓದಿ, ದುಡಿದು, ಮದುವೆಯಾಗಿ ಬಹುತೇಕ ಎಲ್ಲರಂತೆ ಆಯುಷ್ಯ ಕಳೆಯಬಹುದು. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ದಾಟುವುದಿಲ್ಲ ಎಂಬುದು ಈಗ ದೃಢಪಟ್ಟಿದೆ. ಗರ್ಭಿಣಿಯಲ್ಲಿ ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ಬರಬಹುದು. ಸರಿಯಾದ ಚಿಕಿತ್ಸೆಯಿಂದ ಅದನ್ನು 5ಕ್ಕಿಂತ ಕೆಳಗೆ ಇಳಿಸಬಹುದು. ಬಸುರಿಯಾದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ ಎಂದು ಆಶಾ ಕಾರ್ಯಕರ್ತೆ ಬೆನ್ನು ಬೀಳುವುದು ಇದಕ್ಕೇ. ತಲೆಬುರುಡೆಯ ಚಿತ್ರ ಬರೆದು "ಮದ್ದಿಲ್ಲದ ರೋಗ" ಎಂದು ಹೆದರಿಸುತ್ತಿದ್ದ ಹಳೆಯ ಕಾಲದ ಗೋಡೆಬರಹಗಳನ್ನು ಮನಸ್ಸಿನಿಂದಲೂ ಅಳಿಸಬೇಕಾಗಿದೆ.

ಆದರೂ ಈ ಚಿಕಿತ್ಸೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಎಡವುತ್ತದೆ. ನೋಡಿ, ಮಗು ಚಿಕ್ಕದಿದ್ದಾಗ ಅಜ್ಜಿಯೋ ತಾಯಿಯೋ "ಶಕ್ತಿ ಗುಳಿಗೆ, ನುಂಗು" ಎನ್ನುತ್ತಾರೆ. ಮಗು ನುಂಗುತ್ತದೆ. ಹದಿಮೂರು ಹದಿನಾಲ್ಕಕ್ಕೆ ಬಂದಾಗ, "ಉಳಿದವರು ಯಾರೂ ನುಂಗುವುದಿಲ್ಲ, ನಾನೇ ಯಾಕೆ? ನಾನು ಗಟ್ಟಿಯಾಗಿದ್ದೇನಲ್ಲ" ಎಂದು ಗುಳಿಗೆಯನ್ನು ಕಿಟಕಿಯಿಂದ ಹೊರಗೆ ಎಸೆಯತೊಡಗುತ್ತದೆ. ಔಷಧ ತರಲು ಆಸ್ಪತ್ರೆಗೆ ಹೋದ ದಿನ ಶಾಲೆ ತಪ್ಪುತ್ತದೆ. ಏಕೆ ಬರಲಿಲ್ಲ ಎಂದು ಅಕ್ಕೋರು ಎಲ್ಲರೆದುರು ಕೇಳಿದರೆ ಮಗು ಸುಳ್ಳು ಹೇಳಬೇಕು. ಕೆಲವು ತಿಂಗಳು ಹೀಗೆ ಔಷಧ ಬಿಟ್ಟುಬಿಟ್ಟು ತೆಗೆದುಕೊಂಡರೆ ವೈರಾಣು ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಜಾಥಾದಲ್ಲಿ ಫಲಕ ಹಿಡಿದು ನಡೆಯುವ ಮಕ್ಕಳಲ್ಲಿ ಇಂಥ ಮಗುವೂ ಇರುತ್ತದೆ, ತನ್ನ ವಿರುದ್ಧವೇ ಘೋಷಣೆ ಕೂಗುತ್ತ.

ಇಂಥ ಮಗುವಿಗೆ ಅದರ ಸ್ಥಿತಿಯನ್ನು ಎಂದು ಹೇಳಬೇಕು? ಶಾಲೆಯ ವಯಸ್ಸಿನಲ್ಲೇ, ಆರರಿಂದ ಹನ್ನೆರಡರೊಳಗೆ ಹಂತಹಂತವಾಗಿ ಹೇಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲು "ನಿನ್ನ ರಕ್ತದಲ್ಲಿ ಒಂದು ರೋಗಾಣು ಮಲಗಿದೆ, ಈ ಗುಳಿಗೆ ಅದನ್ನು ಏಳಲು ಬಿಡುವುದಿಲ್ಲ" ಎಂದರೆ ಸಾಕು. ಹೆಸರನ್ನು ನಂತರ ಹೇಳಬಹುದು. ಎ.ಆರ್.ಟಿ. ಕೇಂದ್ರದ ಆಪ್ತ ಸಮಾಲೋಚಕರು ಇದರಲ್ಲಿ ನೆರವಾಗುತ್ತಾರೆ. ಊರವರ ಬಾಯಿಂದ ಮೊದಲು ತಿಳಿಯುವಂತೆ ಮಾತ್ರ ಆಗಬಾರದು.

ಶಾಲೆಗೆ ಈ ವಿಷಯ ತಿಳಿಸಲೇಬೇಕೆಂಬ ಕಡ್ಡಾಯವಿಲ್ಲ. 2017ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ಕುರಿತ ಕಾಯಿದೆಯನ್ನು ಅಂಗೀಕರಿಸಿತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ಬೇರೆ ಕೂರಿಸುವುದು, ಪ್ರವೇಶಕ್ಕೆ ಮುನ್ನ ರಕ್ತ ಪರೀಕ್ಷೆಯ ಚೀಟಿ ಕೇಳುವುದು ಎಲ್ಲವೂ ಕಾನೂನಿಗೆ ವಿರುದ್ಧ. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವುದೂ ತಪ್ಪು. ಈ ಕಾಯಿದೆಯಲ್ಲಿ ನನ್ನ ಮನಸ್ಸನ್ನು ತಟ್ಟಿದ ಒಂದು ಅಂಶವಿದೆ. ಇಂಥ ಕುಟುಂಬದಲ್ಲಿ 12ರಿಂದ 18 ವಯಸ್ಸಿನ, ಮನೆಯ ಜವಾಬ್ದಾರಿ ತಿಳಿದ ಅಕ್ಕ ಅಥವಾ ಅಣ್ಣ ತನ್ನ ಒಡಹುಟ್ಟಿದವರನ್ನು ಶಾಲೆಗೆ ಸೇರಿಸುವಂಥ ಕೆಲಸಗಳಿಗೆ ಪೋಷಕರಾಗಿ ಸಹಿ ಹಾಕಬಹುದು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ನೋಡಿಯೇ ಇದನ್ನು ಬರೆದಿರಬೇಕು.

ಹಾಗಾದರೆ ಆಟದಲ್ಲಿ ಗಾಯವಾಗಿ ರಕ್ತ ಬಂದರೆ ಏನು ಗತಿ ಎಂದು ಶಿಕ್ಷಕರು ಕೇಳುತ್ತಾರೆ. ಯಾವ ಮಗುವಿನ ರಕ್ತವಾದರೂ ಒಂದೇ ಕ್ರಮ. ಕಬಡ್ಡಿ ಆಡುವಾಗ ಮೊಣಕಾಲು ತರಚಿದರೆ ಕೈಗೆ ಗವುಸು ಹಾಕಿಕೊಳ್ಳಿ, ಇಲ್ಲವಾದರೆ ಶುದ್ಧವಾದ ಪ್ಲಾಸ್ಟಿಕ್ ಚೀಲ ಸಾಕು. ಗಾಯವನ್ನು ನೀರು ಸಾಬೂನಿನಿಂದ ತೊಳೆದು ಪಟ್ಟಿ ಕಟ್ಟಿ. ನೆಲಕ್ಕೆ ಬಿದ್ದ ರಕ್ತದ ಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಎಲ್ಲರಿಗೂ ಹೀಗೆ ಮಾಡಿದರೆ ಯಾರಿಗೆ ಸೋಂಕಿದೆ ಎಂದು ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಮನೆಯಲ್ಲಿ ಹೇಗೆ ಹೇಳುವುದು?

ಮಗುವನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಆರಂಭಿಸಿದರೆ ಅದೂ ಬೆವರುತ್ತದೆ, ನೀವೂ ಬೆವರುತ್ತೀರಿ. ಕಾಳು ಹಸನು ಮಾಡುವಾಗ, ಹೊಲಕ್ಕೆ ನಡೆಯುವಾಗ, ಪತ್ರಿಕೆಯಲ್ಲಿ ಇಂಥ ಲೇಖನ ಕಂಡಾಗ ಮಾತು ತೆಗೆಯುವುದು ಸುಲಭ. ಎಂಟು ಹತ್ತು ವರ್ಷದ ಮಗುವಿಗೆ, ಮೈಯ ಕೆಲವು ಭಾಗಗಳನ್ನು ಬೇರೆಯವರು ಮುಟ್ಟಬಾರದು, ಮುಟ್ಟಿದರೆ ನನಗೆ ಹೇಳು, ನಿನ್ನನ್ನು ಬೈಯುವುದಿಲ್ಲ ಎಂದು ತಿಳಿಸಿದರೆ ಸಾಕು. ಹನ್ನೊಂದು ಹನ್ನೆರಡಕ್ಕೆ ಮುಟ್ಟು, ಗಂಡುಮಕ್ಕಳಲ್ಲಿ ಸ್ವಪ್ನಸ್ಖಲನ, ಮಗು ಹುಟ್ಟುವ ಬಗೆ ಇವನ್ನು ಹೇಳಿ. ಅದರ ಜೊತೆಗೇ, ಹೀಗೆ ಸೇರುವಾಗ ಕೆಲವು ಸೋಂಕುಗಳು ದಾಟಬಲ್ಲವು, ಎಚ್.ಐ.ವಿ. ಅವುಗಳಲ್ಲಿ ಒಂದು ಎಂದು ಸೇರಿಸಿ. ಹೈಸ್ಕೂಲು ಮುಗಿಸುವ ಹೊತ್ತಿಗೆ ಕಾಂಡೋಮ್ ಎಂಬ ಶಬ್ದ, ಅದರ ಉಪಯೋಗ ಹುಡುಗ ಹುಡುಗಿ ಇಬ್ಬರಿಗೂ ತಿಳಿದಿರಬೇಕು. ಈ ವಯಸ್ಸಿಗೆ ಇದೆಲ್ಲ ಬೇಡ, ಓದಿನ ಕಡೆ ಗಮನ ಇರಲಿ ಎಂಬ ನಿಮ್ಮ ಮಾತನ್ನೂ ಧಾರಾಳವಾಗಿ ಹೇಳಿ. ಮಕ್ಕಳು ಕೇಳುತ್ತಾರೆ, ಮೊದಲಿನದನ್ನು ಮುಚ್ಚಿಡದೆ ಹೇಳಿದ್ದರೆ.

ತಂದೆತಾಯಿಗೆ ಬಾಯಿ ಬಾರದಿದ್ದರೆ ಅತ್ತೆ, ಚಿಕ್ಕಮ್ಮ, ಸೋದರಮಾವ ಹೇಳಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಎಚ್.ಐ.ವಿ. ಪರೀಕ್ಷೆ ತಾಲೂಕು ಆಸ್ಪತ್ರೆಗಳ ಐ.ಸಿ.ಟಿ.ಸಿ. ಎಂಬ ಕೇಂದ್ರದಲ್ಲಿ ಉಚಿತ. ಫಲಿತಾಂಶವನ್ನು ಗುಟ್ಟಾಗಿ ಇಡುತ್ತಾರೆ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಹೆಸರು ಹೇಳದೆ ಅನುಮಾನ ಕೇಳಬೇಕೆಂದರೆ 1097 ಎಂಬ ಸಹಾಯವಾಣಿಗೆ ಉಚಿತವಾಗಿ ಫೋನ್ ಮಾಡಬಹುದು.

ಬರೆಯಲು ಮನಸ್ಸಿಲ್ಲದಿದ್ದರೂ ಒಂದು ಮಾತು ಬರೆಯಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, ಮಾನ ಹೋಗುತ್ತದೆ ಎಂದು ಮನೆಯಲ್ಲಿ ಮುಚ್ಚಿಡಬೇಡಿ, ನಾಳೆ ನೋಡೋಣ ಎನ್ನಬೇಡಿ. ಎಚ್.ಐ.ವಿ. ತಡೆಯುವ ಔಷಧವನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ಆರಂಭಿಸಿ 28 ದಿನ ಕೊಡಬೇಕು. 72 ಗಂಟೆ ದಾಟಿದರೆ ಅದು ಕೆಲಸಕ್ಕೆ ಬಾರದು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಇಂಥ ಮಗುವಿಗೆ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ಪೊಲೀಸರಿಗೆ ದೂರು ಕೊಟ್ಟ ಮೇಲೆಯೇ ಬನ್ನಿ ಎಂದು ಯಾವ ವೈದ್ಯರೂ ಹೇಳುವಂತಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ರಾತ್ರಿಯೂ ಎತ್ತುತ್ತಾರೆ.